ಉದ್ಯಾನಕ್ಕೆ ಬಂದದ್ದು ಯಾವ ಕಳೆ?

ಮಾನ್ಯರೆ,

‘ನದಿ ದಂಡೆಯ ಉದ್ಯಾನಕ್ಕೆ ಹೊಸ ಕಳೆ’ ಎಂಬ ಮೊನ್ನೆಯ ವರದಿ ಓದಿದೆ. ಕಳೆ ಎಂದರೆ ಕಾಂತಿಯೂ ಹೌದು, ಕಿತ್ತೆಸೆಯಬೇಕಾದ ಗಿಡವೂ ಹೌದು. ನಿಮ್ಮ ವರದಿಗಾರರ ಮನಸ್ಸಿನಲ್ಲಿ ಯಾವುದಿತ್ತೋ ಕಾಣೆ. ನಾನಂತೂ ಬಲಗಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಈ ಪತ್ರ ಬರೆಯುತ್ತಿದ್ದೇನೆ.

ನಿನ್ನೆ ಬೆಳಿಗ್ಗೆ ವಾಕಿಂಗ್ ಮುಗಿಸಿ, ಮೆಟ್ಟಿಲ ಪಕ್ಕದ ಹುಲ್ಲಿನಲ್ಲಿ ಚಪ್ಪಲಿ ಬಿಟ್ಟು ನಾಲ್ಕು ಹೆಜ್ಜೆ ಇಟ್ಟಿದ್ದೇ ತಪ್ಪಾಯಿತು. ಯಾರೋ ಪುಣ್ಯಾತ್ಮರು ದಾರ ಸಮೇತ ಬಿಟ್ಟುಹೋಗಿದ್ದ ಗಾಳ ಹಿಮ್ಮಡಿಗೆ ಹೊಕ್ಕಿತು. ಗಾಳದ ತುದಿಗೆ ಹಿಮ್ಮುಖವಾಗಿ ಇನ್ನೊಂದು ಮುಳ್ಳಿರುತ್ತದೆ. ಹೋದಷ್ಟು ಸಲೀಸಾಗಿ ಅದು ಬರುವುದಿಲ್ಲ. ಮೀನಿಗೆ ಗೊತ್ತಿರುವ ಈ ಸಂಗತಿ ನನಗೆ ತಿಳಿಯಲು 63 ವರ್ಷ ಬೇಕಾಯಿತು. ಹಿಂದಕ್ಕೆ ಎಳೆದರೆ ಮಾಂಸ ಹರಿಯುತ್ತದೆಂದು ವೈದ್ಯರು ಅದನ್ನು ಇನ್ನೂ ಮುಂದಕ್ಕೇ ತಳ್ಳಿ, ಮುಳ್ಳು ಆಚೆ ಇಣುಕಿದ ಮೇಲೆ ಕತ್ತರಿಸಿ ತೆಗೆದರು. ಮೇಲೊಂದು ಟಿಟಿ ಇಂಜೆಕ್ಷನ್. ಬೆಳಗಿನ ತಿಂಡಿ, ಮಧ್ಯಾಹ್ನದ ಮದುವೆ ಎರಡೂ ತಪ್ಪಿದವು.

ಮೀನು ಹಿಡಿಯುವವರ ಮೇಲೆ ನನಗೆ ದ್ವೇಷವಿಲ್ಲ, ಹುಡುಗನಾಗಿದ್ದಾಗ ನಾನೂ ಗಾಳ ಹಾಕಿದವನೇ. ಆದರೆ ತುಂಡಾದ ದಾರವನ್ನು ಸುತ್ತಿ ಜೇಬಿಗೆ ಹಾಕಿಕೊಳ್ಳಲು ಏನು ಕಷ್ಟ? ನೈಲಾನ್ ದಾರ ವರ್ಷಗಟ್ಟಲೆ ಕೊಳೆಯುವುದಿಲ್ಲ, ಹಕ್ಕಿಗಳ ಕಾಲಿಗೆ ಉರುಳಾಗುತ್ತದೆ. ದಾರಕ್ಕೆ ಕಟ್ಟುವ ಸೀಸದ ಗುಂಡು ನುಂಗಿ ಹಂಸಗಳು ಸಾಯುತ್ತಿವೆ ಎಂದು ಬ್ರಿಟನ್ನಿನಲ್ಲಿ 1987ರಲ್ಲೇ ಅದರ ಮಾರಾಟ ನಿಲ್ಲಿಸಿದರು. ಇಲ್ಲಿ ಮಕ್ಕಳು ಅದನ್ನು ಹೆಕ್ಕಿ ಆಡುತ್ತಿದ್ದಾರೆ.

ಇನ್ನು ಟೆಂಟಿನವರು. ‘ಇಲ್ಲಿ ತಂಗುವುದನ್ನು ನಿಷೇಧಿಸಲಾಗಿದೆ’ ಎಂಬ ಫಲಕದ ಕಂಬಕ್ಕೇ ಟೆಂಟಿನ ಹಗ್ಗ ಬಿಗಿದಿದ್ದಾರೆ. ಕಂಬ ಗಟ್ಟಿಯಾಗಿದೆ, ಆ ಕೆಲಸಕ್ಕೆಂದೇ ನೆಟ್ಟಿರಬೇಕು. ರಾತ್ರಿಯೆಲ್ಲ ಬೆಂಕಿ ಹಾಕಿ, ಬೆಳಿಗ್ಗೆ ಮೇಲೆ ಮರಳೆಳೆದು ಹೊರಟುಬಿಡುತ್ತಾರೆ. ಮರಳಿನಡಿಯ ಕೆಂಡ ಗಂಟೆಗಟ್ಟಲೆ ಆರುವುದಿಲ್ಲ, ಮೇಲಿನಿಂದ ನೋಡಿದರೆ ಗೊತ್ತಾಗುವುದೂ ಇಲ್ಲ. ಪಕ್ಕದಲ್ಲೇ ನದಿ ಹರಿಯುತ್ತಿದ್ದರೂ ಎರಡು ಬಕೆಟ್ ನೀರು ಸುರಿಯಲು ಇವರಿಗೆ ಕೈ ನೋವು. ನನಗೆ ಚುಚ್ಚಿದ್ದು ಗಾಳ. ಕೆಂಡ ತುಳಿಯುವ ಸರದಿ ಯಾವ ಮಗುವಿನದೋ.

ದೂರು ಕೊಡೋಣವೆಂದು ಉದ್ಯಾನದ ಕಚೇರಿಗೆ ಫೋನ್ ಮಾಡಿದೆ. ಉದ್ಯಾನ ನಮ್ಮದು, ದಂಡೆ ಅವರದು ಎಂದರು. ದಂಡೆಯವರನ್ನು ಕೇಳಿದರೆ ದಂಡೆ ನಮ್ಮದು, ಮೀನು ಬೇರೆಯವರದು. ಹಾಗಾದರೆ ಕಾಲು ಯಾರದು ಸ್ವಾಮಿ? ಈ ಉದ್ಯಾನದವರೇ ಅಲ್ಲವೇ ಎರಡು ವರ್ಷದಿಂದ ಶೌಚಾಲಯಕ್ಕೆ ಬೀಗ ಜಡಿದು ಬೀಗದ ಕೈ ಹುಡುಕುತ್ತಿರುವವರು? ಅತಿಥಿಗಳನ್ನು ಕರೆಸಿ, ಫೋಟೊ ತೆಗೆಸಿಕೊಂಡು ನೆಟ್ಟ ಸಸಿಗಳಿಗೆ ಮರುದಿನದಿಂದ ನೀರಿಲ್ಲ. ಅವಕ್ಕೆ ಆಸರೆಯಾಗಿದ್ದ ಕೋಲುಗಳು ಈಗ ಟೆಂಟಿನವರ ಸೌದೆ.

ಆದ್ದರಿಂದ ಅಲ್ಲಿ ಟೆಂಟು, ಗಾಳ ಎರಡನ್ನೂ ಪೂರ್ತಿ ನಿಲ್ಲಿಸಲಿ. ಆಗದಿದ್ದರೆ ಟೆಂಟಿನವರಿಗಾದರೂ ನೀರಿನಿಂದ ದೂರ, ಮೇಲಿನ ದಿಬ್ಬದಲ್ಲಿ ಒಳ್ಳೆಯ ಜಾಗ ಮಾಡಿಕೊಡಲಿ. ಅದೂ ಆಗದಿದ್ದರೆ ಆ ಫಲಕವನ್ನಾದರೂ ಕಿತ್ತುಹಾಕಲಿ. ಯಾವುದೂ ಬೇಡವೆಂದರೆ, ಅಧಿಕಾರಿಗಳು ಒಂದು ಬೆಳಿಗ್ಗೆ ಬಂದು ಚಪ್ಪಲಿ ಬಿಟ್ಟು ಆ ಹುಲ್ಲಿನ ಮೇಲೆ ಓಡಾಡಲಿ. ಕಾಲಿಗೆ ಕಟ್ಟುವ ಬ್ಯಾಂಡೇಜ್ ನನ್ನಲ್ಲಿ ಉಳಿದಿದೆ, ಕೊಡುತ್ತೇನೆ.

– ಕುಂಟುತ್ತಿರುವ ಒಬ್ಬ ಓದುಗ