ನಕುಲನಿಗೆ, ಕಕ್ಕಡ ಹದಿನೆಂಟರ ದಿನ

ಪ್ರಿಯ ನಕುಲ,

ಹೆಸರು ಬದಲಿಸುವುದಿಲ್ಲ. ಬೆಂಗಳೂರಿನಲ್ಲಿ ನೀನು ಎಷ್ಟೇ ದೊಡ್ಡ ಕುರ್ಚಿಯ ಮೇಲೆ ಕುಳಿತಿದ್ದರೂ ನನ್ನ ಪಾಲಿಗೆ ನಾಟಕದಲ್ಲಿ ಶಾಲೆಯ ಜಗಲಿಯ ಮೇಲೆ ಸತ್ತು ಮಲಗಿದ್ದ ನಕುಲನೇ. ಕೆಂಪಿರುವೆಯ ವಿಷಯವನ್ನು ನಾಲ್ಕು ಜನರ ಮುಂದೆ ಎತ್ತುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ಎತ್ತುತ್ತಿಲ್ಲ.

ಇವತ್ತು ಆಗಸ್ಟ್ 3, ಕೊಡವರ ಕಕ್ಕಡ ತಿಂಗಳ ಹದಿನೆಂಟು. ಮಳೆ ಹನ್ನೊಂದು ದಿನದಿಂದ ಬಿಟ್ಟಿಲ್ಲ, ಕರೆಂಟು ಮೂರು ದಿನದಿಂದ ಬಂದಿಲ್ಲ. ಮೊಬೈಲನ್ನು ಜೀಪಿನಲ್ಲಿ ಚಾರ್ಜ್ ಮಾಡಿಕೊಂಡು, ಒದ್ದೆ ಕೊಡೆಗಳ ನಡುವೆ ಕುಳಿತು ಬರೆಯುತ್ತಿದ್ದೇನೆ. ಒಳಗೆ ಅಮ್ಮ ಮದ್ದುಸೊಪ್ಪು ಕುದಿಸುತ್ತಿದ್ದಾಳೆ. ಆ ವಾಸನೆ ನಿನಗೆ ನೆನಪಿದ್ದರೆ ಸರಿ, ಇಲ್ಲದಿದ್ದರೆ ನನ್ನ ಬರವಣಿಗೆಯಿಂದ ಅದು ಮೂಗಿಗೆ ಬಡಿಯಲಾರದು.

ಹೋದ ಸಲ ಫೋನಿನಲ್ಲಿ ನೀನು ಕೇಳಿದ್ದೆ, "ಏನಪ್ಪ, ನಿನ್ನ ಕೈ ತಾಗಿದರೆ ಸತ್ತ ಹಸುವೂ ಏಳುತ್ತದಂತೆ?" ಎಂದು. ಆಗ ನಕ್ಕುಬಿಟ್ಟೆ. ಈಗ ಉತ್ತರ ಕೊಡುತ್ತೇನೆ: ಏಳುತ್ತದೆ.

ಕರು ಹಾಕಿದ ಒಂದೆರಡು ದಿನದಲ್ಲಿ ಒಳ್ಳೆಯ ಹಾಲಿನ ಹಸು ಇದ್ದಕ್ಕಿದ್ದಂತೆ ಕುಸಿಯುತ್ತದೆ. ಕಿವಿ ತಣ್ಣಗಾಗಿ, ಮೂತಿ ಒಣಗಿ, ಕುತ್ತಿಗೆಯನ್ನು ಪಕ್ಕೆಗೆ ಮಡಚಿಕೊಂಡು ಮಲಗಿಬಿಡುತ್ತದೆ. ನಾನು ಮುಟ್ಟುವ ಹೊತ್ತಿಗೆ ಮನೆಯವರು ಗುಂಡಿ ಎಲ್ಲಿ ತೋಡುವುದೆಂದು ಮಾತಾಡುತ್ತಿರುತ್ತಾರೆ. ಅದು ಹಾಲು ಜ್ವರ. ಹೆಸರಿನಲ್ಲಿ ಜ್ವರವಿದ್ದರೂ ಮೈ ಬಿಸಿ ಇರುವುದಿಲ್ಲ. ರಕ್ತದಲ್ಲಿರಬೇಕಾದ ಸುಣ್ಣದ ಅಂಶ ಹಾಲಿಗೆ ಇಳಿದುಹೋಗಿರುತ್ತದೆ, ಅಷ್ಟೆ. ಕ್ಯಾಲ್ಸಿಯಂ ಬಾಟಲಿಯನ್ನು ನಿಧಾನವಾಗಿ ರಕ್ತನಾಳಕ್ಕೆ ಹರಿಸಿದರೆ ಹಸು ನಡುಗುತ್ತದೆ, ತೇಗುತ್ತದೆ, ಸಗಣಿ ಹಾಕುತ್ತದೆ, ಆಮೇಲೆ ಎದ್ದು ನಿಂತು ಏನೂ ಆಗಿಯೇ ಇಲ್ಲವೆಂಬಂತೆ ಹುಲ್ಲಿಗೆ ಬಾಯಿ ಹಾಕುತ್ತದೆ. ಬಾಟಲಿ ಮುಗಿಯುವಷ್ಟರಲ್ಲಿ ಎದ್ದದ್ದೂ ಉಂಟು. ಕೊಟ್ಟಿಗೆಯ ಬಾಗಿಲಲ್ಲಿ ನಿಂತವರಿಗೆ ಬಾಟಲಿ ಕಾಣುವುದಿಲ್ಲ, ನನ್ನ ಕೈ ಕಾಣುತ್ತದೆ. "ಡಾಕ್ಟರ ಕೈಗುಣ" ಎನ್ನುತ್ತಾರೆ. ಹದಿನಾರು ವರ್ಷದಿಂದ ನಾನು ಅದನ್ನು ತಿದ್ದಿಲ್ಲ. ಕಾಫಿ, ಕಿತ್ತಳೆ, ಕಾಳುಮೆಣಸು, ಒಮ್ಮೆ ಒಂದು ಹುಂಜ: ಕ್ಯಾಲ್ಸಿಯಂಗೆ ಸಲ್ಲಬೇಕಾದದ್ದನ್ನೆಲ್ಲ ನಾನೇ ಮನೆಗೆ ತಂದಿದ್ದೇನೆ.

ಈ ಜುಲೈಯಲ್ಲಿ ಆ ಸಾಲವನ್ನು ಒಬ್ಬರು ವಸೂಲಿಗೆ ಕೇಳಿದರು.

ಗೋಣಿಕೊಪ್ಪದಿಂದ ಒಳಕ್ಕೆ, ಗದ್ದೆಯ ಏರಿಯ ಮೇಲೆ ನಡೆದೇ ಹೋಗಬೇಕಾದ ಒಂದು ಮನೆ. ಅಲ್ಲಿ ಒಬ್ಬ ಅಜ್ಜಿ, ಒಂದು ಹಸು, ಎರಡು ವರ್ಷದಿಂದ ಹಾಸಿಗೆ ಹಿಡಿದ ಅಜ್ಜ. ಲಕ್ವ ಹೊಡೆದು ಬಲಭಾಗ ಹೋಗಿದೆ, ಮಾತೂ ಹೋಗಿದೆ, ಬೆನ್ನಿಗೆ ಹುಣ್ಣು ಬಂದಿದೆ. ನಾನು ಹೋದದ್ದು ಹಸುವಿಗಾಗಿ. ಕೈ ತೊಳೆಯಲು ಬಿಸಿನೀರು ಕೊಟ್ಟು, ಟವೆಲು ಹಿಡಿದು ನಿಂತ ಅಜ್ಜಿ, ಮಳೆಯ ವಿಷಯ ಆಡುವ ದನಿಯಲ್ಲಿಯೇ ಕೇಳಿದರು: "ಹೋದ ವರ್ಷ ಪಕ್ಕದ ಮನೆಯ ನಾಯಿಗೆ ಒಂದು ಸೂಜಿ ಕೊಟ್ಟೆಯಲ್ಲ ಮಗನೇ, ನೋವಿಲ್ಲದೆ ಹೋಯಿತಂತೆ. ಇವರಿಗೂ ಅದು ಆಗುತ್ತದೆಯೇ? ನಿನ್ನ ಕೈಗುಣ ಒಳ್ಳೆಯದು."

ಸೋಪು ಕೈಯಿಂದ ಜಾರಿತು. ಅದನ್ನು ಹುಡುಕುವ ನೆಪದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿದ್ದೆ. ಎದ್ದವನು ಕಾನೂನು ಹೇಳತೊಡಗಿದೆ. ನೀನು ಕೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ, ಅಷ್ಟು ಚೆನ್ನಾಗಿ ಹೇಳಿದೆ. ನನಗೆ ಪ್ರಾಣ ತೆಗೆಯಲು ಅನುಮತಿ ಕೊಡುವ ಕಾನೂನಿನ ಹೆಸರೇ ಪ್ರಾಣಿಹಿಂಸೆ ತಡೆ ಕಾಯ್ದೆ. 1960ರದ್ದು, 13ನೆಯ ಕಲಂ: ಬದುಕಿಸಿಡುವುದೇ ಕ್ರೌರ್ಯವಾಗುವಂತಿದ್ದರೆ ಕೊನೆಗಾಣಿಸಬಹುದು. ಮನುಷ್ಯನಿಗೆ ಆ ಕಲಂ ಇಲ್ಲ. ನಮ್ಮ ಉತ್ತರ ಕನ್ನಡದ ಹಳದೀಪುರದ ನರ್ಸ್ ಅರುಣಾ ಶಾನಭಾಗ, ಹಲ್ಲೆಗೊಳಗಾಗಿ, ಮುಂಬೈಯ ಆಸ್ಪತ್ರೆಯಲ್ಲಿ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅರೆಪ್ರಜ್ಞೆಯಲ್ಲಿ ಮಲಗಿದ್ದು, 2015ರಲ್ಲಿ ನ್ಯುಮೋನಿಯಾ ಬಂದು ತೀರಿಕೊಂಡರು. 2018ರಲ್ಲಿ ಸುಪ್ರೀಂ ಕೋರ್ಟು ಘನತೆಯಿಂದ ಸಾಯುವ ಹಕ್ಕನ್ನು ಒಪ್ಪಿತು, 2025ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಅದಕ್ಕೆ ಸುತ್ತೋಲೆಯನ್ನೂ ಹೊರಡಿಸಿತು. ಆದರೆ ಅದೆಲ್ಲ ಯಂತ್ರ ನಿಲ್ಲಿಸುವ, ನಳಿಕೆ ತೆಗೆಯುವ ಮಾತು. ಈ ಅಜ್ಜನಿಗೆ ತೆಗೆಯಲು ನಳಿಕೆಯೇ ಇಲ್ಲ. ಗಂಜಿ ಇದೆ, ಚಮಚ ಇದೆ, ಅಜ್ಜಿ ಇದ್ದಾರೆ.

ಅಜ್ಜಿ ಪೂರ್ತಿ ಕೇಳಿಸಿಕೊಂಡು ಟವೆಲು ಮಡಚಿದರು. "ಕಾನೂನು ಕೇಳಲಿಲ್ಲ ಮಗನೇ. ಆಗುತ್ತದೆಯೇ ಎಂದು ಕೇಳಿದೆ."

ಆಗುತ್ತದೆ. ಜೀಪಿನ ಹಿಂದಿನ ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ಇದೆ. ಭೀಷ್ಮನಿಗೆ ಇಚ್ಛಾಮರಣವಿತ್ತು, ಬಾಣಗಳ ಮೇಲೆ 58 ರಾತ್ರಿ ಮಲಗಿ ಉತ್ತರಾಯಣಕ್ಕೆ ಕಾದ, ತಾನೇ ಹೊರಟ. ಅವನ ಕೈಯಲ್ಲಿದ್ದದ್ದು ಅವನ ಸಾವು ಮಾತ್ರ. ಕಂಡವರ ಸಾವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಗುಂಡಿ ಬಿದ್ದ ರಸ್ತೆಯಲ್ಲಿ ತಿರುಗುವ ವರವನ್ನು ಅವನಿಗೆ ಯಾರೂ ಕೊಟ್ಟಿರಲಿಲ್ಲ.

ಚಿಕ್ಕವರಿದ್ದಾಗ ಇದೇ ಶಕ್ತಿಗಾಗಿ ನಾವು ಎಷ್ಟು ಕನಸು ಕಂಡಿದ್ದೆವು! ಸಂಜೀವಿನಿ ಒಂದೇ ಸಲಕ್ಕೆ ಸಿಕ್ಕಿದರೆ ಯಾರನ್ನು ಎಬ್ಬಿಸುವುದು ಎಂದು ಬಸ್ಸಿಗೆ ಕಾಯುತ್ತಾ ಜಗಳವಾಡುತ್ತಿದ್ದೆವಲ್ಲ. ನಾನು ನಾಟಕದ ಧರ್ಮರಾಯನಾದ್ದರಿಂದ ಉತ್ತರ ನನಗೆ ಬಾಯಿಪಾಠವಾಗಿತ್ತು. ಕೊಳದ ದಡದಲ್ಲಿ ನಾಲ್ವರು ತಮ್ಮಂದಿರು ಸತ್ತು ಬಿದ್ದಿದ್ದಾರೆ, ಒಬ್ಬನನ್ನು ಕೇಳು ಎಂದು ಯಕ್ಷ ಹೇಳುತ್ತಾನೆ. ಭೀಮನನ್ನು ಬಿಟ್ಟೆ, ಅರ್ಜುನನನ್ನು ಬಿಟ್ಟೆ, ನಿನ್ನನ್ನು ಕೇಳಿದೆ. ಕುಂತಿಗೆ ನಾನಿದ್ದೇನೆ, ಮಾದ್ರಿಗೂ ಒಬ್ಬ ಮಗ ಉಳಿಯಲಿ. ಎಲ್ಲರೂ ಚಪ್ಪಾಳೆ ತಟ್ಟಿದರು, ಯಕ್ಷ ಮೆಚ್ಚಿ ನಾಲ್ವರನ್ನೂ ಎಬ್ಬಿಸಿದ. ಈಗ ನನ್ನ ತಕರಾರು ಇರುವುದೇ ಅಲ್ಲಿ. ನಾಲ್ವರೂ ಎದ್ದ ಮೇಲೆ ಧರ್ಮರಾಯನಿಗೆ ಆಯ್ಕೆಯ ಭಾರ ಎಲ್ಲಿ ಉಳಿಯಿತು? ಭೀಮ ಅಲ್ಲಿಯೇ ಮಲಗಿದ್ದರೆ, ಇವರಿಬ್ಬರೇ ದ್ರೌಪದಿಯ ಬಳಿಗೆ ಹೇಗೆ ನಡೆದು ಹೋಗುತ್ತಿದ್ದರು? ದಾರಿಯಲ್ಲಿ ನಕುಲ ಅಣ್ಣನ ಮುಖ ನೋಡುತ್ತಿದ್ದನೇ?

ನನಗೆ ಸಿಕ್ಕಿದ ಯಕ್ಷ ಹಂದಿ ಜ್ವರದ ಸಲ ಬಂದಿತ್ತು. ಆಫ್ರಿಕನ್ ಹಂದಿ ಜ್ವರ ಕಂಡರೆ ನಕ್ಷೆಯ ಮೇಲೆ ಒಂದು ಕಿಲೋಮೀಟರ್ ತ್ರಿಜ್ಯದ ವೃತ್ತ ಎಳೆಯಬೇಕು. ವೃತ್ತದೊಳಗಿನ ಹಂದಿಗಳು, ಜ್ವರ ಬಂದವೂ ಬಾರದವೂ, ಎಲ್ಲವೂ ಹೋಗಬೇಕು. ಮನುಷ್ಯರಿಗೆ ಅದು ಅಂಟುವುದಿಲ್ಲ, ಹಂದಿಗೆ ಅದಕ್ಕೆ ಮದ್ದಿಲ್ಲ. ಗೆರೆ ಒಬ್ಬನ ಹಂದಿಗೂಡಿನ ಮೇಲೆಯೇ ಹಾದುಹೋಗಿತ್ತು. "ಸರ್, ಬೇಲಿಯಿಂದ ಅಳೆಯಬೇಡಿ, ಗೂಡಿನಿಂದ ಅಳೆಯಿರಿ" ಎಂದು ಅವನು ಬೇಡಿಕೊಂಡ. ಗೂಡಿನಿಂದಲೇ ಅಳೆದೆವು. ಆಗಲೂ ಒಳಗೇ ಬಂತು. ಬಾಗಿಲು ತೆರೆದಾಗ ಹಂದಿಗಳು ಓಡಿಬಂದು ನನ್ನ ಕಾಲಿಗೆ ಮೂತಿ ಉಜ್ಜಿದವು. ಬಕೆಟ್ ಹಿಡಿದು ಬಂದವನು ತಿನ್ನಲು ತಂದಿರುತ್ತಾನೆ ಎಂಬುದಷ್ಟೇ ಅವುಗಳಿಗೆ ಗೊತ್ತಿತ್ತು. ಆದರೂ ಒಂದು ಮಾತು ಹೇಳುತ್ತೇನೆ: ಆ ರಾತ್ರಿ ನನಗೆ ಊಟ ಸೇರಲಿಲ್ಲ, ನಿದ್ದೆ ಮಾತ್ರ ಬಂತು. ವೃತ್ತ ಎಳೆದವನು ನಾನಲ್ಲ.

ಶುಕ್ರಾಚಾರ್ಯನಿಗೆ ವೃತ್ತ ಇರಲಿಲ್ಲ, ಮಗಳಿದ್ದಳು. ದಾನವರು ಕಚನನ್ನು ಕೊಚ್ಚಿ ತೋಳಗಳಿಗೆ ತಿನ್ನಿಸಿದರು. ದೇವಯಾನಿ ಅತ್ತಳು. ಇವನು ಮಂತ್ರ ಹೇಳಿ ಹೆಸರು ಕೂಗಿದ, ಕಚ ತೋಳಗಳ ಮೈ ಸೀಳಿಕೊಂಡು ಹೊರಗೆ ಬಂದ. ಕಥೆ ಅಲ್ಲಿಂದ ಮುಂದೆ ಓಡುತ್ತದೆ: ಬೂದಿ, ಮದ್ಯ, ಗುರುವಿನ ಹೊಟ್ಟೆ. ಆ ತೋಳಗಳು ಏನಾದವು ಎಂದು ಒಬ್ಬರೂ ಕೇಳಲಿಲ್ಲ. ಪಶುವೈದ್ಯನಾದ್ದರಿಂದ ನನಗೆ ಅಲ್ಲಿಯೇ ಕಾಲು ಹೂತುಹೋಗುತ್ತದೆ. ಅವು ತಪ್ಪೇನು ಮಾಡಿದ್ದವು, ಯಾರೋ ಹಾಕಿದ್ದನ್ನು ತಿಂದಿದ್ದವು. ಅಷ್ಟು ದೊಡ್ಡ ವಿದ್ಯೆ ಕೊನೆಗೆ ಎದ್ದು ಕೆಲಸ ಮಾಡಿದ್ದು ಹತ್ತಿರದ ಒಬ್ಬಳ ಅಳುವನ್ನು ಕೇಳಿಸಿಕೊಳ್ಳಲಾರದೆ.

ಅಳುವಿನ ಮಾತು ಬಂತಲ್ಲ. ಇಲ್ಲಿಂದ ಮುಂದಿನದನ್ನು ಬರೆಯಬೇಕೆಂದು ಕುಳಿತಿರಲಿಲ್ಲ.

ಮೇಜರ್ ವಯಸ್ಸಾಗಿ ಸತ್ತಿತು ಎಂದು ಏಪ್ರಿಲ್‌ನಲ್ಲಿ ನಿನಗೆ ಬರೆದಿದ್ದೆ. ಅದು ಸುಳ್ಳು.

ಅಪ್ಪ ಸೈನ್ಯದ ಆಯ್ಕೆಯಲ್ಲಿ ಎದೆಯಳತೆ ಸಾಲದೆ ವಾಪಸು ಬಂದು ಮೇಷ್ಟರಾದವರು. ಒಬ್ಬ ಅಧಿಕಾರಿಗಾದರೂ ಆಜ್ಞೆ ಕೊಡಬೇಕೆಂಬ ಆಸೆಗೆ ನಾಯಿಗೆ ಆ ಹೆಸರಿಟ್ಟಿದ್ದರು. ಫೆಬ್ರವರಿಯಲ್ಲಿ ಅಪ್ಪ ಹೋದ ಮೇಲೆ ಮೇಜರ್ ದಿನವೂ ಸಂಜೆ ಐದಕ್ಕೆ ಗೇಟಿನ ಬಳಿ ಹೋಗಿ ಕೂರುತ್ತಿತ್ತು. ಕತ್ತಲಾದ ಮೇಲೆ ಊಳಿಡುತ್ತಿತ್ತು. ಹದಿಮೂರು ವರ್ಷ, ಮೂತ್ರಪಿಂಡ ಸೋತಿತ್ತು, ರಕ್ತಪರೀಕ್ಷೆಯ ಚೀಟಿ ನನ್ನ ಬಳಿ ಇದೆ. ಯಾರು ಕೇಳಿದರೂ ತೋರಿಸಬಹುದು. ಯಾರೂ ಕೇಳಿಲ್ಲ. ಆದರೆ ಅಮ್ಮ ಕೈಯಾರೆ ಕೊಟ್ಟರೆ ಮೀನು ತಿನ್ನುತ್ತಿತ್ತು, ಜೀಪು ಬಂದರೆ ಬಾಲ ಆಡಿಸುತ್ತಿತ್ತು. ಬೇರೆ ಯಾರಾದರೂ ಆ ನಾಯಿಯನ್ನು ಕರೆತಂದಿದ್ದರೆ ಮಾತ್ರೆ ಬರೆದುಕೊಟ್ಟು, ಇನ್ನೂ ಎರಡು ಮೂರು ತಿಂಗಳು ಇರುತ್ತದೆ, ಚೆನ್ನಾಗಿ ನೋಡಿಕೊಳ್ಳಿ ಎಂದು ಕಳಿಸುತ್ತಿದ್ದೆ.

ಇದರ ಊಳಿಗೆ ಏನಾದರೂ ಮಾಡೋಣವೇ ಎಂದು ಅಮ್ಮನನ್ನು ಕೇಳಿದೆ. "ಅಳಲಿ ಬಿಡು. ಈ ಮನೆಯಲ್ಲಿ ಒಬ್ಬರಾದರೂ ಅಳಲಿ" ಎಂದಳು. ನೀನು ಬಂದಿದ್ದೆಯಲ್ಲ, ನೋಡಿದ್ದೀಯ. ನಾನು ಅಂದು ಅತ್ತಿರಲಿಲ್ಲ. ಆಮೇಲೂ ಅತ್ತಿರಲಿಲ್ಲ.

ಅಮ್ಮ ಮದುವೆಗೆಂದು ಕುಶಾಲನಗರಕ್ಕೆ ಹೋದ ದಿನ ಮಾಡಿದೆ. ಮೊದಲು ಮಂಪರಿನದು, ಆಮೇಲೆ ಇನ್ನೊಂದು. ಮುಂಗಾಲನ್ನು ಅದೇ ಮುಂದೆ ಚಾಚಿತು. ಅಪ್ಪ ಕಲಿಸಿದ್ದ ಸೆಲ್ಯೂಟು. ಕಿತ್ತಳೆ ಮರದ ಬುಡದಲ್ಲಿ ಹೂತೆ. ಅಮ್ಮ ಬಂದಾಗ ನಿದ್ದೆಯಲ್ಲೇ ಹೋಯಿತು ಎಂದೆ. ಆ ರಾತ್ರಿ ಇಡೀ ತೋಟದಲ್ಲಿ ಒಂದು ಸದ್ದಿರಲಿಲ್ಲ. ಎರಡು ತಿಂಗಳಲ್ಲಿ ಮೊದಲ ಸಲ ಬೆಳಗಿನವರೆಗೆ ಮಲಗಿದೆ, ನಕುಲ. ಎಷ್ಟು ಹಾಯಾಗಿ ಮಲಗಿದೆ ಎಂದರೆ, ಎದ್ದ ಮೇಲೆ ನನಗೇ ಹೆದರಿಕೆಯಾಯಿತು.

ಅಜ್ಜಿ ಕೇಳಿದಾಗ ಸೋಪು ಜಾರಿದ್ದಕ್ಕೆ ಕಾನೂನು ಕಾರಣವಲ್ಲ. ಈ ಮುದುಕಿ ಕೇಳುತ್ತಿರುವುದು ಗಂಡನ ನೋವಿಗೋ ತನ್ನ ನಿದ್ದೆಗೋ ಎಂದು ನನ್ನ ಮನಸ್ಸು ಆ ಕ್ಷಣದಲ್ಲೇ ತೂಗಿತು. ತಕ್ಕಡಿ ಹಿಡಿದವನು ಯಾರು ನೋಡು.

ಈಗ ಮಂಗಳವಾರ ಮಂಗಳವಾರ ಆ ಮನೆಗೆ ಹೋಗುತ್ತೇನೆ. ಬಿದ್ದ ಹಸುವನ್ನು ಹೊತ್ತುಹೊತ್ತಿಗೆ ಮಗ್ಗುಲು ಬದಲಿಸದಿದ್ದರೆ ಕೆಳಗಾದ ಕಾಲಿನ ಮಾಂಸಖಂಡ ಸಾಯುತ್ತದೆ. ಅದೇ ವಿದ್ಯೆಯನ್ನು ಅಜ್ಜಿಗೆ ಹೇಳಿಕೊಟ್ಟೆ. ಮನುಷ್ಯರ ಡಾಕ್ಟರನ್ನೂ ಒಮ್ಮೆ ಕರೆದೊಯ್ದೆ. ಹುಣ್ಣು ಸ್ವಲ್ಪ ಒಣಗಿದೆ. ನಾನು ಹೊರಡುವಾಗ ಅಜ್ಜ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಳ್ಳುತ್ತಾರೆ, ಗಟ್ಟಿಯಾಗಿ. ಬೇಡ ಎನ್ನುತ್ತಿದ್ದಾರೋ, ಕೊಟ್ಟುಬಿಡು ಎನ್ನುತ್ತಿದ್ದಾರೋ ನನಗೆ ತಿಳಿಯುವುದಿಲ್ಲ. ಅಜ್ಜಿ ಮತ್ತೆ ಕೇಳಿಲ್ಲ.

ರಾತ್ರಿ ಮಾತ್ರ ಕಿವಿ ಆ ಕಡೆಗೇ ಇರುತ್ತದೆ. ನಿನಗೆ ಗೊತ್ತು, ಓದುತ್ತಿರುವ ಉಳಿದವರಿಗಾಗಿ ಬರೆಯುತ್ತೇನೆ: ಇಲ್ಲಿನ ಕೊಡವ ಮನೆಗಳಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ, ಸಾವಾದರೆ ಒಂದರ ಹಿಂದೆ ಒಂದು, ಎರಡು. ಮೊನ್ನೆ ಮಧ್ಯರಾತ್ರಿ ಗದ್ದೆಯ ಕಡೆಯಿಂದ ಒಂದು ಕೇಳಿತು. ಹಾಸಿಗೆಯ ಮೇಲೆ ಎದ್ದು ಕುಳಿತು ಎರಡನೆಯದಕ್ಕೆ ಕಾದೆ. ಬರಲಿಲ್ಲ. ಆನೆ ಓಡಿಸಲು ಯಾರೋ ಪಟಾಕಿ ಹಚ್ಚಿದ್ದರು. ನನಗೆ ಸಮಾಧಾನವಾಯಿತೋ ಬೇಸರವಾಯಿತೋ ಎಂದು ಕೇಳಬೇಡ.

ಸಾಕು. ಪತ್ರ ನನ್ನ ಕೈ ಮೀರಿ ಹೋಗಿದೆ, ಕೈಗುಣವೇ ಹೀಗೆ.

ಮೇ ತಿಂಗಳಲ್ಲಿ ದೇವರಪುರದ ಕುಂಡೆ ಹಬ್ಬಕ್ಕೆ ಹೋಗಿದ್ದನ್ನು ಹೇಳಲಿಲ್ಲ ಅಲ್ಲವೇ? ತಮ್ಮನ್ನು ಬೇಟೆಗೆ ಕರೆತಂದು ನಡುಕಾಡಿನಲ್ಲಿ ಬಿಟ್ಟು ಭದ್ರಕಾಳಿಯ ಹಿಂದೆ ಹೊರಟುಹೋದ ಅಯ್ಯಪ್ಪನನ್ನು ಜೇನುಕುರುಬರು, ಯರವರು ವೇಷ ಹಾಕಿಕೊಂಡು ಮನಸಾರೆ ಬೈಯುವ ದಿನ. ದಾರಿಹೋಕರಿಗೂ ಪಾಲು ಸಿಗುತ್ತದೆ. ಸೀರೆ ಉಟ್ಟ ಒಬ್ಬ ಹುಡುಗ ಜೀಪು ನಿಲ್ಲಿಸಿ, ಡಬ್ಬ ಬಡಿಯುತ್ತಾ, ನನ್ನ ವಂಶವನ್ನು ಮೂಲದಿಂದ ಹಿಡಿದು ಬೈದ. ಹತ್ತು ರೂಪಾಯಿ ಕೊಟ್ಟೆ. ಚೆನ್ನಾಗಿತ್ತು. ನೂರು ಕೊಟ್ಟು ಇನ್ನೊಂದು ಸಲ ಬೈಯಲು ಹೇಳಿದೆ. ಅವನಿಗೆ ನನ್ನ ಮೇಲೆ ಅನುಮಾನ ಬಂದು ನೋಟು ಹಿಡಿದುಕೊಂಡು ಓಡಿಹೋದ.

ಅಮ್ಮ ಪಾಯಸಕ್ಕೆ ಕರೆಯುತ್ತಿದ್ದಾಳೆ. ಸೊಪ್ಪು ಕಳಿಸಿದ್ದು ಆ ಅಜ್ಜಿಯೇ, ಬೆಳಿಗ್ಗೆ ಹಾಲಿನ ಹುಡುಗನ ಕೈಯಲ್ಲಿ ಒಂದು ದೊಡ್ಡ ಕಟ್ಟು. ಕಕ್ಕಡದ ಹದಿನೆಂಟನೆಯ ದಿನ ಅದರಲ್ಲಿ ಹದಿನೆಂಟು ಔಷಧ ಇರುತ್ತದಂತೆ. ಹದಿನೇಳು ಏನು ಮಾಡುತ್ತವೋ ಅರಿಯೆ, ಇನ್ನೊಂದರ ಪ್ರತಾಪವನ್ನು ನಾಳೆ ಬೆಳಿಗ್ಗೆ ಕೊಡಗಿನ ಅರ್ಧ ಜನ ಬಚ್ಚಲಲ್ಲಿ ಬಗ್ಗಿ ಮೂತ್ರದ ಬಣ್ಣ ನೋಡಿ ಖಚಿತ ಮಾಡಿಕೊಳ್ಳುತ್ತಾರೆ. ನಾನೂ ನೋಡುತ್ತೇನೆ. ಫೋಟೋ ಕಳಿಸುವುದಿಲ್ಲ, ಹೋದ ವರ್ಷದ ಪಾಠ ನೆನಪಿದೆ.

ನಿನ್ನ
ಧರ್ಮರಾಯ (ಪದಚ್ಯುತ)

ಮರೆತಿದ್ದೆ: ಅಮ್ಮನಿಗೆ ಇಂಟರ್ನೆಟ್ ಇಲ್ಲ, ಅವಳ ತಂಗಿಗೆ ಇದೆ. ಚಿಕ್ಕಮ್ಮ, ಇಲ್ಲಿಯವರೆಗೆ ಓದಿದ್ದರೆ, ಅಮ್ಮನಿಗೆ ಹೇಳುವ ಮೊದಲು ನನಗೊಂದು ಫೋನು ಮಾಡು. ಕರೆಂಟು ಬಂದಿದ್ದರೆ ಎತ್ತುತ್ತೇನೆ.