ಟ್ರೇಡ್ ಗಡುವಿನ ಚರ್ಚೆ: ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ಟ್ರೇಡ್ ಗಡುವು, ಅಂದರೆ ತಂಡಗಳು ಆಟಗಾರರನ್ನು ವಿನಿಮಯ ಮಾಡಿಕೊಳ್ಳಲು ಇರುವ ಕೊನೆಯ ದಿನ, ಹತ್ತಿರವಾಗುತ್ತಿರುವುದರಿಂದ, ಯಾವುದೇ ಆಟಗಾರನ ಹೆಸರನ್ನು ಸೂಚಿಸುವವರು ಅವನ ಒಪ್ಪಂದ ಇನ್ನೆಷ್ಟು ಕಾಲ ಉಳಿದಿದೆ ಎಂಬುದನ್ನೂ, ಪ್ರತಿಯಾಗಿ ಯಾರನ್ನು ಬಿಟ್ಟುಕೊಡಬೇಕಾಗುತ್ತದೆ ಎಂಬುದನ್ನೂ ಜೊತೆಗೇ ಬರೆಯಬೇಕೆಂದು ಕೋರುತ್ತೇವೆ. ಋತುವಿನ ಕೊನೆಗೆ ಒಪ್ಪಂದ ಮುಗಿಯುವ ಆಟಗಾರನಿಂದ ಹೊಸ ತಂಡಕ್ಕೆ ದಕ್ಕುವುದು ಎರಡು ತಿಂಗಳ ಆಟ ಮತ್ತು, ಅದೃಷ್ಟವಿದ್ದರೆ, ಪ್ಲೇಆಫ್ (ಪ್ರಶಸ್ತಿಗಾಗಿ ನಡೆಯುವ ಅಂತಿಮ ಹಂತದ ಪಂದ್ಯಗಳು) ಮಾತ್ರ. ಋತುವಿನ ನಡುವೆ ಬಂದವನಿಗೆ ಕ್ವಾಲಿಫೈಯಿಂಗ್ ಆಫರ್ (ನಿಗದಿತ ಸಂಬಳದ ಒಂದು ವರ್ಷದ ಒಪ್ಪಂದದ ಪ್ರಸ್ತಾಪ) ನೀಡುವಂತಿಲ್ಲವಾದ್ದರಿಂದ, ಅವನು ಹೊರಟುಹೋದರೆ ಪರಿಹಾರವಾಗಿ ಡ್ರಾಫ್ಟ್ ಆಯ್ಕೆಯೂ, ಅಂದರೆ ಹೊಸ ಯುವ ಆಟಗಾರನನ್ನು ಆರಿಸುವ ಹೆಚ್ಚುವರಿ ಅವಕಾಶವೂ, ಸಿಗುವುದಿಲ್ಲ.

2016ರ ಜುಲೈನಲ್ಲಿ ಚಿಕಾಗೊ ಕಬ್ಸ್ ಮಾಡಿದ್ದು ಇಂಥದೇ ವ್ಯವಹಾರ. ಪಿಚರ್ (ಚೆಂಡೆಸೆಯುವವ) ಅರೋಲ್ಡಿಸ್ ಚಾಪ್‌ಮನ್‌ಗಾಗಿ ಅವರು 19 ವರ್ಷದ ಗ್ಲೇಬರ್ ಟೊರೆಸ್ ಸೇರಿ ನಾಲ್ವರನ್ನು ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ ಒಪ್ಪಿಸಿದರು. ವಿಶ್ವ ಸರಣಿಯ ಏಳನೇ ಪಂದ್ಯದ ಎಂಟನೇ ಇನ್ನಿಂಗ್ಸ್‌ನಲ್ಲಿ ದಣಿದ ಚಾಪ್‌ಮನ್, ಎದುರಾಳಿ ಕ್ಲೀವ್‌ಲ್ಯಾಂಡ್ ತಂಡದ ರಾಜೈ ಡೇವಿಸ್‌ಗೆ ಹೋಮ್ ರನ್ ಬಿಟ್ಟುಕೊಟ್ಟು ಪಂದ್ಯವನ್ನು 6-6ಕ್ಕೆ ಸಮವಾಗಿಸಿದರೂ, ಕಬ್ಸ್ 1908ರ ನಂತರ ಮೊದಲ ಬಾರಿಗೆ ಪ್ರಶಸ್ತಿ ಗೆದ್ದಿತು. ಅದೇ ಡಿಸೆಂಬರ್‌ನಲ್ಲಿ ಚಾಪ್‌ಮನ್ ಯಾಂಕೀಸ್‌ಗೇ ಮರಳಿದರು. ಟೊರೆಸ್ 2018 ಮತ್ತು 2019ರಲ್ಲಿ ಅಲ್ಲಿಂದಲೇ ಆಲ್‌ಸ್ಟಾರ್ ಆದರು. ಬೆಲೆ ದುಬಾರಿಯೇ, ಆದರೆ ನಮ್ಮ ದೃಷ್ಟಿಯಲ್ಲಿ ಕೊಡತಕ್ಕದ್ದಾಗಿತ್ತು. ವೈಲ್ಡ್ ಕಾರ್ಡ್ ಸ್ಥಾನಕ್ಕಾಗಿ (ತಮ್ಮ ವಿಭಾಗ ಗೆಲ್ಲದ ತಂಡಗಳಿಗೆ ಸಿಗುವ ಪ್ಲೇಆಫ್ ಸ್ಥಾನ) ಏದುಸಿರು ಬಿಡುವ ತಂಡಕ್ಕೆ ಇದೇ ಲೆಕ್ಕ ಹೊಂದುವುದಿಲ್ಲ.

ಗಡುವಿನ ನಂತರವೂ ಆಟಗಾರರ ವಿನಿಮಯಕ್ಕೆ ದಾರಿಯಾಗಿದ್ದ ಆಗಸ್ಟ್‌ನ ವೇವರ್ ಟ್ರೇಡ್‌ಗಳು 2019ರಿಂದ ರದ್ದಾಗಿರುವುದರಿಂದ, ಗಡುವಿನ ನಂತರ ಅಂಥ ಪ್ರಸ್ತಾಪಗಳನ್ನು ದಯವಿಟ್ಟು ಹಾಕಬೇಡಿ. ಮೂಲ ತಿಳಿಯದ ವದಂತಿಗಳನ್ನು ಅಳಿಸಲಾಗುವುದು.

— ನಿರ್ವಾಹಕರು