ಸಾಫ್ಟ್‌ವೇರ್ ಕೊಳ್ಳುವ ಮೊದಲು

ಪ್ರೀತಿಯ ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದ. ನಿನ್ನ ಪತ್ರ ಓದಿದೆ. ಉಳಿದಿದ್ದ ಒಂದೇ ಚೀಲವನ್ನು ಒಂದೇ ರಾತ್ರಿ ಎರಡು ಆನ್‌ಲೈನ್ ಮಾರಾಟ ತಾಣಗಳಲ್ಲಿ ಇಬ್ಬರು ಕೊಂಡರಂತೆ, ಒಬ್ಬರಿಗೆ ಕ್ಷಮೆ ಕೇಳಿ ಹಣ ವಾಪಸು ಮಾಡಿದೆಯಂತೆ. ‘ಸ್ಟಾಕ್ ಲೆಕ್ಕಕ್ಕೆ ಯಾವ ಸಾಫ್ಟ್‌ವೇರ್ ತಗೊಳ್ಳಲಿ ದೊಡ್ಡಪ್ಪ?’ ಎಂದು ಕೇಳಿದ್ದೀಯ. ಹೆಸರು ಹೇಳುವುದು ಸುಲಭ, ಆದರೆ ಈಗಲೇ ಹೇಳುವುದಿಲ್ಲ. ರ್ಯಾಕಿನಲ್ಲಿರುವ ಸರಕಿಗೂ ನಿನ್ನ ಎಕ್ಸೆಲ್ ಹಾಳೆಗೂ ತಾಳೆಯಾಗದಿದ್ದರೆ, ಯಾವ ಸಾಫ್ಟ್‌ವೇರ್ ತಂದರೂ ಅದು ಆ ತಪ್ಪು ಲೆಕ್ಕವನ್ನೇ ಇನ್ನೂ ಬೇಗ ಎಲ್ಲ ಕಡೆ ಹಂಚುತ್ತದೆ, ಅಷ್ಟೇ.

ಮೊದಲು ಹೆಸರಿಡುವ ಕೆಲಸ ಮುಗಿಸು. ‘ನೀಲಿ ಚೀಲ ದೊಡ್ಡದು’ ಎಂದು ನೀನು ಒಂದು ಕಡೆ ಬರೆದಿದ್ದೀಯ, ನಿನ್ನ ಹುಡುಗ ಇನ್ನೊಂದು ಕಡೆ ‘ದೊಡ್ಡ ನೀಲಿ’ ಎಂದು ಬರೆದಿದ್ದಾನೆ. ಕಂಪ್ಯೂಟರಿಗೆ ಅವು ಎರಡು ವಸ್ತುಗಳು. ಬಣ್ಣ ಬೇರೆಯಾದರೂ ಅಳತೆ ಬೇರೆಯಾದರೂ ಪ್ರತಿಯೊಂದಕ್ಕೂ ಒಂದು ಎಸ್‌ಕೆಯು, ಅಂದರೆ ಗುರುತಿನ ಸಂಕೇತ, ಕೊಡು, ಒಂದು ವಸ್ತುವಿಗೆ ಒಂದೇ ಸಂಕೇತ. ಅದರೊಳಗೆ ಬೆಲೆಯನ್ನಾಗಲಿ ಸರಬರಾಜುದಾರರ ಹೆಸರನ್ನಾಗಲಿ ಸೇರಿಸಬೇಡ, ಅವೆರಡೂ ನಾಳೆ ಬದಲಾಗುತ್ತವೆ. ಇಂಗ್ಲಿಷಿನ ಓ ಮತ್ತು ಐ ಅಕ್ಷರಗಳನ್ನು ಬಿಟ್ಟುಬಿಡು, ಅವಸರದಲ್ಲಿ ಓದುವವರಿಗೆ ಸೊನ್ನೆ ಮತ್ತು ಒಂದರ ಹಾಗೆ ಕಾಣುತ್ತವೆ. ಸೊನ್ನೆಯಿಂದ ಶುರುವಾಗುವ ಸಂಖ್ಯೆಯೂ ಬೇಡ, ಏಕೆಂದರೆ ಎಕ್ಸೆಲ್ ಆ ಮೊದಲ ಸೊನ್ನೆಯನ್ನು ಸದ್ದಿಲ್ಲದೆ ನುಂಗಿಬಿಡುತ್ತದೆ. 12 ಅಥವಾ ಹೆಚ್ಚು ಅಂಕಿಗಳ ಬಾರ್‌ಕೋಡ್ ಸಂಖ್ಯೆಯನ್ನು ಹಾಗೇ ಹಾಕಿದರೆ ‘8.9ಇ+12’ ಎಂಬಂಥ ಏನನ್ನೋ ತೋರಿಸುತ್ತದೆ. ಆ ಕಾಲಮ್ಮನ್ನು ಮೊದಲೇ ‘ಟೆಕ್ಸ್ಟ್’ ಎಂದು ಮಾಡಿಟ್ಟರೆ ಈ ಎರಡೂ ಕಾಟ ತಪ್ಪುತ್ತವೆ. ಮಾರಾಟ ನಿಲ್ಲಿಸಿದ ವಸ್ತುವಿನ ಸಂಕೇತವನ್ನು ಹೊಸದಕ್ಕೆ ಎಂದೂ ಕೊಡಬೇಡ. ಹಳೆಯ ರಿಟರ್ನ್ ಒಂದು ತಡವಾಗಿ ಬಂದ ದಿನ ಹೊಸ ಮಾಲಿನ ಲೆಕ್ಕ ಕೆಡುತ್ತದೆ.

ಸಂಕೇತ ಸಿದ್ಧವಾದರೆ ಬಾರ್‌ಕೋಡ್ ದೊಡ್ಡ ಖರ್ಚಿನ ವಿಷಯವೇನಲ್ಲ. ಸಾಮಾನ್ಯ ಸ್ಕ್ಯಾನರ್ ಕಂಪ್ಯೂಟರಿನ ಕಣ್ಣಿಗೆ ಒಂದು ಕೀಬೋರ್ಡು ಅಷ್ಟೇ, ಗೆರೆಗಳನ್ನು ಓದಿ ಅಂಕಿ ಟೈಪ್ ಮಾಡಿ ಕೊನೆಗೆ ಎಂಟರ್ ಒತ್ತುತ್ತದೆ. ಹಾಗಾಗಿ ನಿನ್ನ ಈಗಿನ ಎಕ್ಸೆಲ್ ಹಾಳೆಯಲ್ಲೇ ಅದು ಕೆಲಸ ಮಾಡೀತು. 1974ರ ಜೂನ್ 26ರಂದು ಅಮೆರಿಕದ ಒಹಾಯೊ ರಾಜ್ಯದ ಟ್ರಾಯ್ ಊರಿನ ಸೂಪರ್ ಮಾರ್ಕೆಟ್ಟಿನಲ್ಲಿ ಒಂದು ಚ್ಯೂಯಿಂಗ್ ಗಮ್ ಪೊಟ್ಟಣದ ಮೇಲೆ ಈ ಬಗೆಯ ಬಾರ್‌ಕೋಡ್ ಮೊದಲ ಸಲ ಸ್ಕ್ಯಾನ್ ಆಯಿತಲ್ಲ, ಅಲ್ಲಿಂದ ಇಲ್ಲಿಯವರೆಗೆ ಉಪಾಯ ಅದೇ: ಮನುಷ್ಯ ಟೈಪ್ ಮಾಡದಿರುವುದು. ಅಂಗಡಿ ಮಾಲಿನ ಮೇಲೆ ಕಾಣುವ 13 ಅಂಕಿಯ ಕೋಡಿನಲ್ಲಿ ಕೊನೆಯದು ಕಾವಲಿನ ಅಂಕಿ. ಮೊದಲ 12ನ್ನು ಒಂದು ಬಿಟ್ಟು ಒಂದರಂತೆ 1 ಮತ್ತು 3ರಿಂದ ಗುಣಿಸಿ ಕೂಡಿಸಿದರೆ, ಮೊತ್ತವನ್ನು ಹತ್ತರ ಗುಣಕಕ್ಕೆ ಮುಟ್ಟಿಸಲು ಬೇಕಾದದ್ದೇ ಆ ಕೊನೆಯ ಅಂಕಿ. ಎಲ್ಲಾದರೂ ಒಂದು ಅಂಕಿ ತಪ್ಪಿದರೆ ಲೆಕ್ಕ ಕೂಡುವುದಿಲ್ಲ. ಆದರೆ ಆ ಬಗೆಯ ಸಂಖ್ಯೆಗಳನ್ನು ಹಂಚುವುದು ಜಿಎಸ್1 ಎಂಬ ಅಂತರರಾಷ್ಟ್ರೀಯ ಸಂಸ್ಥೆ. ನೀನಾಗಿ ಕಟ್ಟಿದ 13 ಅಂಕಿಗಳನ್ನು ಮಾರಾಟ ತಾಣಕ್ಕೆ ಕೊಡಬೇಡ. ಒಳಗಿನ ಬಳಕೆಗೆ ನಿನ್ನ ಎಸ್‌ಕೆಯುವನ್ನೇ ‘ಕೋಡ್ 128’ ಎಂಬ ಬಾರ್‌ಕೋಡ್ ಮಾದರಿಯಲ್ಲಿ ಅಚ್ಚು ಹಾಕಿಕೋ, ಅದರಲ್ಲಿ ಅಕ್ಷರಗಳೂ ಕೂರುತ್ತವೆ.

ಈಗ ನಿನ್ನ ಚೀಲದ ಕಥೆಗೆ ಬರೋಣ. ಮೂರು ತಾಣಗಳಲ್ಲಿ ಮಾರುತ್ತೀಯ, ಮೂರರಲ್ಲೂ ‘1 ಇದೆ’ ಎಂದು ಹಾಕಿದ್ದೀಯ. ಅಂದರೆ ಇಲ್ಲದ ಎರಡು ಚೀಲಗಳನ್ನೂ ಮಾರಾಟಕ್ಕೆ ಇಟ್ಟ ಹಾಗಾಯಿತು. ಸ್ಟಾಕ್ ಎಷ್ಟು ಎಂದು ಹೇಳುವ ಅಧಿಕಾರ ಒಂದೇ ಜಾಗಕ್ಕೆ ಇರಬೇಕು, ಉಳಿದವೆಲ್ಲ ಅದನ್ನು ಕೇಳಿ ತೋರಿಸಬೇಕು. ಸಾಫ್ಟ್‌ವೇರ್ ಮಾರಲು ಬಂದವರನ್ನು ಈ ಒಂದು ಪ್ರಶ್ನೆ ಕೇಳು: ‘ಆರ್ಡರ್ ಬಿದ್ದ ಕೂಡಲೇ ನಿಮಗೆ ಸುದ್ದಿ ಬರುತ್ತದೋ, ಅಥವಾ ನೀವೇ ಆಗಾಗ ಹೋಗಿ ವಿಚಾರಿಸುತ್ತೀರೋ?’ ಆಗಾಗ ಎಂದರೆ ಎಷ್ಟು ನಿಮಿಷಕ್ಕೊಮ್ಮೆ ಎಂದೂ ಬಾಯಿ ಬಿಡಿಸು. ಆ ನಡುವಿನ ನಿಮಿಷಗಳಲ್ಲೇ ಒಂದು ಚೀಲ ಇಬ್ಬರಿಗೆ ಮಾರಾಟವಾಗುವುದು. ವೇಗವಾಗಿ ಹೋಗುವ ಮಾಲಿನಲ್ಲಿ ಕೊನೆಯ ಒಂದೆರಡನ್ನು ತೋರಿಸದೆ ಹಿಡಿದಿಡು. ಹಾಗೆ ಹಿಡಿದಿಡುವುದು ನಷ್ಟ ಎನ್ನುವವರಿದ್ದಾರೆ. ರದ್ದು ಮಾಡಿದ ಆರ್ಡರಿನ ಕೆಟ್ಟ ಹೆಸರು ಅದಕ್ಕಿಂತ ದುಬಾರಿ ಎಂಬುದು ನನ್ನ ಅಭಿಪ್ರಾಯ.

ಸ್ಟಾಕ್ ಎಂದರೆ ಒಂದು ಸಂಖ್ಯೆ ಎಂದುಕೊಳ್ಳಬೇಡ. ರ್ಯಾಕಿನಲ್ಲಿರುವುದು 30, ಆರ್ಡರ್ ಬಂದು ಇನ್ನೂ ಹೊರಡದಿರುವುದು 8, ಹಾಗಾದರೆ ಮಾರಬಹುದಾದದ್ದು 22. ದಾರಿಯಲ್ಲಿ ಬರುತ್ತಿರುವ 50 ಇನ್ನೂ ನಿನ್ನದಲ್ಲ. ವಾಪಸು ಬಂದದ್ದು ಕೂಡ ಬಿಚ್ಚಿ ನೋಡುವ ತನಕ ನಿನ್ನದಲ್ಲ. ಅನೇಕ ಸಾಫ್ಟ್‌ವೇರುಗಳಲ್ಲಿ ರಿಟರ್ನ್ ಒಪ್ಪಿದ ಕ್ಷಣವೇ ಸ್ಟಾಕ್ ಏರುವಂತೆ ಇಡಬಹುದು. ಅದನ್ನು ಆಫ್ ಮಾಡಿ, ರಿಟರ್ನ್‌ಗೆ ಬೇರೆಯೇ ಒಂದು ಜಾಗ ಮಾಡು. ಸೆಟ್ ಆಗಿ ಮಾರುವ ಮಾಲಿದ್ದರೆ, ಸೆಟ್ ಒಂದು ಹೋದಾಗ ಒಳಗಿನ ಬಿಡಿ ಮಾಲೂ ಕಡಿಮೆಯಾಗುತ್ತದೆಯೇ ಎಂದು ಪರೀಕ್ಷಿಸಿಯೇ ನಂಬು.

ಹೊಸ ಮಾಲು ಯಾವಾಗ ತರಿಸಬೇಕೆಂಬುದಕ್ಕೆ ಸುಲಭದ ಲೆಕ್ಕವಿದೆ. ದಿನಕ್ಕೆ 4 ಹೋಗುತ್ತವೆ, ಹೇಳಿದ ಮೇಲೆ ಬರಲು 12 ದಿನ ಬೇಕು ಎಂದರೆ 48. ಅನುಮಾನಕ್ಕೆಂದು 20 ಸೇರಿಸು. ಸ್ಟಾಕ್ 68ಕ್ಕೆ ಇಳಿದ ದಿನ ಆರ್ಡರ್ ಹಾಕು. ಇದನ್ನು ಯಂತ್ರ ಚೆನ್ನಾಗಿಯೇ ಮಾಡುತ್ತದೆ. ಆದರೆ ಮಾಲು ಖಾಲಿಯಾಗಿದ್ದ ದಿನಗಳಲ್ಲಿ ಮಾರಾಟ ಸೊನ್ನೆ ಇರುತ್ತದಲ್ಲ, ಅದನ್ನು ಕೆಲವು ಸಾಫ್ಟ್‌ವೇರುಗಳು ‘ಯಾರಿಗೂ ಬೇಡವಾಗಿತ್ತು’ ಎಂದು ಓದಿಕೊಂಡು ಮುಂದಿನ ಸಲ ಇನ್ನೂ ಕಡಿಮೆ ತರಿಸಲು ಹೇಳುತ್ತವೆ. ಹೀಗೆ ಚೆನ್ನಾಗಿ ಹೋಗುವ ಮಾಲೇ ಮತ್ತೆ ಮತ್ತೆ ಖಾಲಿಯಾಗುತ್ತದೆ. ಆ ದಿನಗಳನ್ನು ಸರಾಸರಿಯಿಂದ ತೆಗೆದುಹಾಕು.

ಕೊರಿಯರ್ ಬಿಲ್ಲು ಯಾಕೆ ಇಷ್ಟು ಬರುತ್ತಿದೆ ಎಂದೂ ಕೇಳಿದ್ದೀಯ. ನಿನ್ನ ಪೆಟ್ಟಿಗೆಯಲ್ಲಿ ಗಾಳಿ ಜಾಸ್ತಿ. ಅನೇಕ ಕೊರಿಯರಿನವರು ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದದ್ದು ನಿಜವಾದ ತೂಕಕ್ಕಿಂತ ಹೆಚ್ಚಾದರೆ ಅದಕ್ಕೇ ಹಣ. 40, 30, 20ರ ಪೆಟ್ಟಿಗೆಗೆ 4.8 ಕಿಲೋ. ಒಳಗಿರುವುದು ಒಂದೂವರೆ ಕಿಲೋ ಆದರೂ ಅಷ್ಟೇ. ಎತ್ತರವನ್ನು 12ಕ್ಕೆ ಇಳಿಸು, 2.88 ಆಗುತ್ತದೆ. ಪ್ರತಿ ಎಸ್‌ಕೆಯುವಿನ ಎದುರಿಗೆ ಪ್ಯಾಕ್ ಮಾಡಿದ ಮೇಲಿನ ಅಳತೆ ಮತ್ತು ತೂಕ ಬರೆದಿಡು, ಬಿಡಿ ವಸ್ತುವಿನದಲ್ಲ. ಸಾಫ್ಟ್‌ವೇರ್ ಬೇರೆ ಬೇರೆ ಕೊರಿಯರುಗಳ ದರ ಹೋಲಿಸುವುದು ಆ ಅಂಕಿಗಳನ್ನು ನಂಬಿಕೊಂಡು. ಕೊರಿಯರಿನವರೇ ತೂಕ ಹೆಚ್ಚು ಹಾಕಿ ಬಿಲ್ ಮಾಡಿದರೆ ವಾದಿಸಲು, ತಕ್ಕಡಿಯ ಮೇಲಿಟ್ಟ ಪಾರ್ಸೆಲಿನ ಫೋಟೋ ಒಂದಿರಲಿ. ಲೇಬಲ್ಲನ್ನು ಪೆಟ್ಟಿಗೆಯ ಅಂಚಿನ ಮೇಲೆ ಮಡಿಸಿ ಅಂಟಿಸಬೇಡ, ಬಾರ್‌ಕೋಡಿನ ಮೇಲೆ ಹೊಳೆಯುವ ಟೇಪ್ ಬೇಡ. ಶಾಯಿಯಿಲ್ಲದ ಥರ್ಮಲ್ ಲೇಬಲ್ ಬಿಸಿಲಿಗೆ, ಬಿಸಿಗೆ ಮಾಸುತ್ತದೆ. ಪಾರ್ಸೆಲಿಗೆ ಅದು ಸಾಕು, ರ್ಯಾಕಿಗೆ ಆಗದು.

ಲೇಬಲ್ ಅಚ್ಚಾದ ಕೂಡಲೇ ‘ರವಾನೆಯಾಗಿದೆ’ ಎಂದು ಗ್ರಾಹಕರಿಗೆ ಸಂದೇಶ ಹೋಗುತ್ತಿದ್ದರೆ ಅದನ್ನೂ ಬದಲಿಸು. ಕೊರಿಯರಿನವರು ಪಾರ್ಸೆಲನ್ನು ಸ್ಕ್ಯಾನ್ ಮಾಡಿಕೊಂಡ ಮೇಲೆ ಹೋಗಲಿ.

ಇದೆಲ್ಲ ಸಣ್ಣ ವ್ಯಾಪಾರದ ತಾಪತ್ರಯ ಎಂದುಕೊಳ್ಳಬೇಡ. ಅಮೆರಿಕದ ಚಾಕೊಲೇಟ್ ಕಂಪನಿ ಹರ್ಷಿ 1999ರಲ್ಲಿ ಹೊಸ ಕಂಪ್ಯೂಟರ್ ವ್ಯವಸ್ಥೆಗಳನ್ನೆಲ್ಲ ಒಟ್ಟಿಗೆ ಜುಲೈನಲ್ಲಿ ಚಾಲೂ ಮಾಡಿತು, ಮಕ್ಕಳಿಗೆ ಮಿಠಾಯಿ ಹಂಚುವ ಹ್ಯಾಲೋವೀನ್ ಹಬ್ಬದ ಆರ್ಡರುಗಳು ಬಂದು ಬೀಳುವ ಹೊತ್ತಿಗೆ ಸರಿಯಾಗಿ. ಗೋದಾಮಿನಲ್ಲಿ ಮಾಲಿತ್ತು, ಸುಮಾರು 10 ಕೋಟಿ ಡಾಲರಿನ ಆರ್ಡರುಗಳಿಗೆ ಕಳುಹಿಸಲಾಗಲಿಲ್ಲ. ನೀನು ಬದಲಾಯಿಸುವುದಿದ್ದರೆ ಮಾರಾಟ ತಣ್ಣಗಿರುವ ತಿಂಗಳಲ್ಲಿ, ಒಂದು ತಾಣದಿಂದ ಶುರು ಮಾಡು. ಹಳೆಯ ಹಾಳೆಯನ್ನು ಸ್ವಲ್ಪ ದಿನ ಜೊತೆಗೇ ನಡೆಸು.

ಪಾಸ್‌ವರ್ಡ್, ಬ್ಯಾಕಪ್ ಇವುಗಳ ಬಗ್ಗೆ ನಿನಗೇ ನನಗಿಂತ ಗೊತ್ತು. ಪ್ಯಾಕಿಂಗ್ ಮಾಡುವವರ ಲಾಗಿನ್ನಿನಲ್ಲಿ ಬೆಲೆ ಬದಲಾಯಿಸುವ ಅಧಿಕಾರ ಇರದಿರಲಿ. ನಿನ್ನ ಪೂರ್ತಿ ಮಾಹಿತಿಯನ್ನು ಸಿಎಸ್‌ವಿ ಫೈಲಾಗಿ (ಎಕ್ಸೆಲ್ಲಿನಲ್ಲೂ ತೆರೆಯುವ ಸರಳ ಪಟ್ಟಿ) ಹೊರತೆಗೆಯಲು ಬಿಡದ ಸಾಫ್ಟ್‌ವೇರಿಗೆ, ಎಷ್ಟೇ ಅಗ್ಗವಿರಲಿ, ಕೈ ಹಾಕಬೇಡ.

ವರ್ಷಕ್ಕೊಮ್ಮೆ ಬಾಗಿಲು ಹಾಕಿ ಎಲ್ಲವನ್ನೂ ಎಣಿಸುವುದಕ್ಕಿಂತ ದಿನಕ್ಕೆ ಐದಾರು ಎಸ್‌ಕೆಯು ಎಣಿಸು. ಹೆಚ್ಚು ಹಣ ತರುವ ಮಾಲಿನ ಸರದಿ ಬೇಗ ಬೇಗ ಬರಲಿ. ವ್ಯತ್ಯಾಸ ಬಂದರೆ ಅಂಕಿ ತಿದ್ದಿ ಮುಂದೆ ಹೋಗಬೇಡ, ಪಕ್ಕದಲ್ಲಿ ಕಾರಣ ಬರೆ: ಬೇರೆ ಬಣ್ಣ ಹೋಯಿತು, ರಿಟರ್ನ್ ಸೇರಿಸಿಲ್ಲ, ಫೋಟೋ ತೆಗೆಯಲು ಒಯ್ದದ್ದು ವಾಪಸು ಬರಲಿಲ್ಲ, ಹೀಗೆ. ಒಂದು ತಿಂಗಳ ಆ ಕಾರಣಗಳ ಪಟ್ಟಿ, ಜೊತೆಗೆ ಯಾವ ತಾಣದಲ್ಲಿ ದಿನಕ್ಕೆ ಎಷ್ಟು ಆರ್ಡರ್ ಬರುತ್ತವೆ ಎಂಬುದನ್ನು ನನಗೆ ಕಳಿಸು. ಅದನ್ನು ನೋಡಿ ಸಾಫ್ಟ್‌ವೇರಿನ ಹೆಸರು ಮಾತಾಡೋಣ. ಇನ್ನೊಂದಿಷ್ಟು ದಿನ ಎಕ್ಸೆಲ್ ಸಾಕು ಎಂದೂ ಹೇಳಿಯೇನು, ಬೇಸರಿಸಬಾರದು.

ನಿನ್ನ ಅಪ್ಪ ಅಮ್ಮನನ್ನು ಕೇಳಿದೆನೆಂದು ಹೇಳು.

ಇತಿ ನಿನ್ನ
ದೊಡ್ಡಪ್ಪ